ಗಾಳಿ ಇಳಿಸಿದ ಕೆಂಪು ಗಾಡಿ

ನನ್ನನ್ನು ಓಡಿಸಿ ನೋಡಿದವರು ಸಾವಿರಕ್ಕೂ ಮೇಲೆ. ನನ್ನ ಮೇಲೆ ಮನಸ್ಸು ಮಾಡಿದವರು ನೂರಾರು ಜನ. ಆದರೆ ಅವರಲ್ಲಿ ಕೊಂಡವರು ಮನೆಗೆ ಕರೆದುಕೊಂಡು ಹೋದದ್ದು ನನ್ನಂಥ ಇನ್ನೊಬ್ಬನನ್ನು, ನನ್ನನ್ನಲ್ಲ. ನಾನು ಶೋರೂಮಿನ ಟೆಸ್ಟ್ ಡ್ರೈವ್ ಗಾಡಿ. ಕೆಂಪು ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕ್ ಕಾರು. ಹಿಂಬಾಗಿಲ ಮೇಲೆ ‘ಸ್ಪೋರ್ಟ್’ ಎಂದು ಬೆಳ್ಳಿ ಬಣ್ಣದ ಅಕ್ಷರಗಳಿದ್ದವು, ಈಗ ಅರ್ಧ ಉದುರಿವೆ. ಮೈಸೂರಿನ ನಂಜನಗೂಡು ರಸ್ತೆಯಲ್ಲಿ ಹಳೇ ಕಾರು ಮಾರುವ ಯಾರ್ಡೊಂದರ ಮೂಲೆಯಲ್ಲಿ ಧೂಳು ಕುಡಿಯುತ್ತ ನಿಂತಿದ್ದೇನೆ. ಕೇಳುವವರು ಸಿಕ್ಕಿದ್ದೀರಿ, ಹೇಳಿಬಿಡುತ್ತೇನೆ. ಹೇಳಿದರೆ ಹಗುರಾಗುತ್ತದೆ ಎಂಬ ಭ್ರಮೆ ಮಾತ್ರ ನನಗಿಲ್ಲ.

ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ. ಯಂತ್ರದ ಕೈಗಳು ಕಿಡಿ ಹಾರಿಸುತ್ತ ತಗಡಿಗೆ ತಗಡು ಬೆಸೆದವು. ಬಣ್ಣದ ಮನೆಯಲ್ಲಿ ಮುಳುಗಿಸಿ ತೆಗೆದರು. ಆ ಸಾಲಿನಲ್ಲಿ ನನ್ನ ಮುಂದೆಯೇ ಹೋಗುತ್ತಿದ್ದವನು ನನ್ನ ಅಣ್ಣ. ಅದೇ ಬಾಗಿಲು, ಅದೇ ಗಾಜು, ಅದೇ ಮೂಗು. ಅವನಿಗೆ ಬೂದು ಬಣ್ಣ ಬಳಿದರು, ನನಗೆ ಕೆಂಪು. ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಅವನಿಗೆ ಮೆತ್ತನೆಯ ಸ್ಪ್ರಿಂಗು, ದಪ್ಪ ಟೈರು, ಸಾಧಾರಣ ಎಂಜಿನ್ನು. ನನಗೆ ಗಟ್ಟಿ ಸ್ಪ್ರಿಂಗು, ದೊಡ್ಡ ಚಕ್ರಕ್ಕೆ ತೆಳ್ಳನೆಯ ಟೈರು, ಕಾಲಿಟ್ಟರೆ ಚಂಗನೆ ನೆಗೆಯುವ ಎಂಜಿನ್ನು. ತಿರುವಿನಲ್ಲಿ ನಾನು ವಾಲುವುದಿಲ್ಲ, ಅವನು ವಾಲುತ್ತಾನೆ. ಗುಂಡಿಯಲ್ಲಿ ಅವನು ಸಾವರಿಸಿಕೊಂಡು ಹೋಗುತ್ತಾನೆ, ನಾನು ಕೂತವರ ಬೆನ್ನಿಗೆ ಗುದ್ದುತ್ತೇನೆ. ಒಬ್ಬ ಓಡಲು ಹುಟ್ಟಿದವನು, ಇನ್ನೊಬ್ಬ ಕೂರಿಸಿಕೊಂಡು ಹೋಗಲು ಹುಟ್ಟಿದವನು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹಾಗೆಂದು ಹೇಳಿ ಮಾರಿದ್ದರೆ ನಾನಿವತ್ತು ಬಾಯಿ ಬಡಿದುಕೊಳ್ಳಬೇಕಿರಲಿಲ್ಲ.

ಇಬ್ಬರನ್ನೂ ಒಂದೇ ಲಾರಿಯಲ್ಲಿ ಹುಣಸೂರು ರಸ್ತೆಯ ಶೋರೂಮಿಗೆ ತಂದು ಇಳಿಸಿದರು. ಹೊಸ ಗಾಡಿಗಳಿಗೆಲ್ಲ ಅಲ್ಲಿ ಮದುವೆಯ ಸಂಭ್ರಮ. ಹೂವಿನ ಹಾರ, ಬಾನೆಟ್ಟಿಗೆ ಕುಂಕುಮ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಥರ್ಮಾಕೋಲಿನ ದೊಡ್ಡ ಕೀಲಿ ಹಿಡಿದು ಫೋಟೋ. ನನಗೂ ಅಣ್ಣನಿಗೂ ಯಾರೂ ಒಂದು ನಿಂಬೆಹಣ್ಣು ಇಡಲಿಲ್ಲ. ಎರಡೂ ಬದಿಗೆ ‘ಟೆಸ್ಟ್ ಡ್ರೈವ್’ ಎಂದು ಅಗಲವಾದ ಸ್ಟಿಕ್ಕರ್ ಅಂಟಿಸಿದರು. ಸೀಟಿನ ಪ್ಲಾಸ್ಟಿಕ್ ಹರಿದರು. ಆಯಿತು, ನಾವು ಊರಿನವರೆಲ್ಲರ ಗಾಡಿ.

ಬರುತ್ತಿದ್ದವರ ಚಂದವನ್ನು ಏನು ಹೇಳಲಿ! ಕೊಳ್ಳುವ ಯೋಚನೆಯೇ ಇಲ್ಲದೆ ಭಾನುವಾರದ ಹೊತ್ತು ಕಳೆಯಲು ಬರುವವರು. ಐದು ಜನರ ಗಾಡಿಗೆ ಏಳು ಜನ ತುರುಕಿಕೊಂಡು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವವರು. ಒಬ್ಬರು ಸ್ಟೀರಿಂಗ್ ಮುಟ್ಟಲೇ ಇಲ್ಲ, ಹಾರನ್ ಮಾತ್ರ ಹನ್ನೆರಡು ಸಲ ಒತ್ತಿ, ‘ಧ್ವನಿ ಸಾಲದು’ ಎಂದು ಇಳಿದು ಹೋದರು. ರಿಂಗ್ ರೋಡು ಹತ್ತಿದ ಕೂಡಲೇ ಗಂಡಸರಿಗೆಲ್ಲ ಮೈಮೇಲೆ ಬರುತ್ತಿತ್ತು. ಅಣ್ಣನನ್ನು ಓಡಿಸಿ ಬಂದವರು ನನ್ನಲ್ಲಿ ಕೂತು ಒಂದು ಸಲ ಕಾಲು ಒತ್ತಿದರೆ ಸಾಕು, ‘ಅಬ್ಬಾ!’ ಎನ್ನುತ್ತಿದ್ದರು. ಆ ಅಬ್ಬಾ ಕೇಳಿ ಕೇಳಿ ನನಗೂ ತಲೆ ತಿರುಗಿತ್ತು, ಸುಳ್ಳೇಕೆ ಹೇಳಲಿ. ಸಂಜೆ ಶೆಡ್ಡಿನಲ್ಲಿ ಅಣ್ಣನ ಪಕ್ಕ ನಿಂತಾಗ ಅವನ ಕಡೆ ನೋಡುತ್ತಲೂ ಇರಲಿಲ್ಲ.

ಆದರೂ ಜನ ಹೆಚ್ಚಾಗಿ ಅಣ್ಣನಂಥವನನ್ನೇ ಬರೆಸಿ ಹೋಗುತ್ತಿದ್ದರು. ಗಂಡ ನನ್ನನ್ನು ಓಡಿಸಿ ಹಲ್ಲು ಬಿಡುತ್ತಿದ್ದ, ಹಿಂದೆ ಕೂತ ಅವನ ತಾಯಿಯೋ ಹೆಂಡತಿಯೋ ‘ಇದು ಎತ್ತಿ ಹಾಕುತ್ತೆ, ಬೇಡ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನನ್ನ ಜಾತಿಯ ಹದಿನಾಲ್ಕು ಕೆಂಪು ಗಾಡಿಗಳು ಹಿಂದಿನ ಮೈದಾನದಲ್ಲಿ ಕೊಳ್ಳುವವರಿಲ್ಲದೆ ಬಿಸಿಲಿಗೆ ಒಣಗುತ್ತಿದ್ದವು. ಅವನ್ನು ಖಾಲಿ ಮಾಡು ಎಂದು ಮೇಲಿನವರು ಶೋರೂಮಿನ ಮ್ಯಾನೇಜರನ ಜೀವ ತಿನ್ನುತ್ತಿದ್ದರು. ಆ ಮ್ಯಾನೇಜರನ ಹೆಸರು ಹರಿಶ್ಚಂದ್ರ. ನಗಬೇಡಿ, ಹೆತ್ತವರು ಇಟ್ಟದ್ದು.

ಒಂದು ಬೆಳಿಗ್ಗೆ ಅಂಗಡಿಗೆ ಜನ ಬರುವ ಮೊದಲೇ ಹರಿಶ್ಚಂದ್ರ ಶೆಡ್ಡಿಗೆ ಬಂದ. ಗಾಳಿ ತುಂಬುವ ಮೆಷಿನ್ನಿನ ಪೈಪು ಕೈಗೆ ತೆಗೆದುಕೊಂಡ. ನಮ್ಮಿಬ್ಬರ ಟೈರಿಗೂ ಇರಬೇಕಾದ ಗಾಳಿ ಮೂವತ್ತಮೂರು ಪಾಯಿಂಟು. ಅವನು ಅಣ್ಣನ ನಾಲ್ಕು ಟೈರಿಗೂ ನಲವತ್ತೈದು ತುಂಬಿಸಿದ. ನನ್ನ ಟೈರುಗಳಿಂದ ಸುಸ್ಸೆಂದು ಇಳಿಸಿ ಇಪ್ಪತ್ತೆರಡಕ್ಕೆ ತಂದ. ಗಾಳಿ ಕಡಿಮೆಯಾಗಿದೆ ಎಂದು ಹೇಳಲು ನನ್ನ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪವಿದೆ, ಅದು ಹತ್ತಿಕೊಂಡಿತು. ಹರಿಶ್ಚಂದ್ರ ಒಂದು ಗುಂಡಿಯನ್ನು ಮೂರೆಣಿಸುವಷ್ಟು ಹೊತ್ತು ಒತ್ತಿ ಹಿಡಿದು ಅದನ್ನು ಆರಿಸಿದ. ಅವತ್ತಿನಿಂದ ಅದು ದಿನದ ಪೂಜೆಯಾಯಿತು. ಗಾಳಿ ಕಡಿಮೆಯಾದ ಟೈರು ಗುಂಡಿಯ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ, ನಾನು ಹೂವಿನ ಹಾಗೆ ಹೋಗುತ್ತಿದ್ದೆ. ಕಲ್ಲಿನಂತಾದ ಟೈರಿನ ಮೇಲೆ ಅಣ್ಣ ಕಡಲೆ ಹುರಿದ ಹಾಗೆ ಕುಣಿಯುತ್ತಿದ್ದ. ಶೋರೂಮಿನ ಹುಡುಗರಿಗೆಲ್ಲ ಇದು ಗೊತ್ತಿತ್ತು. ಯಾರಿಗೂ ಇದು ದೊಡ್ಡ ತಪ್ಪು ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಅಣ್ಣ ಒಂದೇ ಒಂದು ಸಲ ಬಾಯಿ ಬಿಟ್ಟ. ‘ಅವರು ನನ್ನನ್ನು ಬೈದುಕೊಂಡು ಇಳಿಯೋದು ಕೇಳೋಕಾಗಲ್ಲ ಕಣೋ’ ಅಂದ. ನಾನು ‘ನಿನಗೆ ಹೊಟ್ಟೆಕಿಚ್ಚು’ ಅಂದೆ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೀಗಿರುವಾಗ ಒಂದು ಬುಧವಾರ ಶಿವನಂಜು ಮತ್ತು ಮಂಗಳಗೌರಿ ಎಂಬ ಗಂಡ ಹೆಂಡತಿ ಬಂದರು. ನಂಜನಗೂಡಿನವರು. ಶಿವನಂಜು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವರು. ಐವತ್ತು ದಾಟಿದ, ಜೋರು ದನಿಯ, ಒಳ್ಳೆಯ ಮನುಷ್ಯ. ಮಂಗಳಗೌರಿ ಅಂಗನವಾಡಿ ಟೀಚರು. ಆರು ತಿಂಗಳ ಹಿಂದೆ ಅವರ ಬೆನ್ನುಮೂಳೆಗೆ ಆಪರೇಷನ್ ಮಾಡಿ ಎರಡು ಸ್ಕ್ರೂ ಕೂರಿಸಿದ್ದರು. ವಾರಕ್ಕೆರಡು ದಿನ ಮೈಸೂರಿಗೆ ಬಂದು ಬೆನ್ನಿನ ವ್ಯಾಯಾಮ ಮಾಡಿಸಿಕೊಳ್ಳಬೇಕು, ಒಂದು ವರ್ಷ ತಪ್ಪಿಸದೆ ಬಂದರೆ ಮತ್ತೆ ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಬಸ್ಸಿನ ಕುಲುಕಾಟ ಆಗುವುದಿಲ್ಲವೆಂದೇ ಕಾರು ಕೊಳ್ಳಲು ಬಂದಿದ್ದರು. ಜನ್ಮದ ಮೊದಲ ಕಾರು.

ಅವರನ್ನು ನೋಡಿಕೊಂಡವಳು ರೂಪಕಲಾ, ಮಾರಾಟ ವಿಭಾಗದ ಹೆಣ್ಣುಮಗಳು. ಅಪ್ಪ ಡ್ರೈವಿಂಗ್ ಸ್ಕೂಲು ನಡೆಸಿದವರಂತೆ, ಅವಳಷ್ಟು ನಾಜೂಕಾಗಿ ನನ್ನ ಗೇರು ಹಾಕಿದವರಿಲ್ಲ.

‘ನನಗೇನೂ ಗೊತ್ತಾಗಲ್ಲ ಮೇಡಂ’ ಅಂದರು ಮಂಗಳಗೌರಿ, ‘ಬೆನ್ನಿಗೆ ಏಟಾಗ್ಬಾರ್ದು. ಅಷ್ಟೇ ನನಗೆ ಬೇಕಿರೋದು. ನನ್ನ ಮಕ್ಕಳು ಕಾಯ್ತಾ ಅವೆ.’

‘ಇವಳ ಮಕ್ಕಳು ಅಂದ್ರೆ ಅಂಗನವಾಡಿ ಮಕ್ಕಳು’ ಎಂದು ಶಿವನಂಜು ನಕ್ಕರು. ‘ನಮಗಿರೋ ಒಬ್ಬ ಮಗಳು ಮದುವೆಯಾಗಿ ಹೋದ್ಲು. ಇವಳಿಗೆ ಇನ್ನೂ ಮೂವತ್ತೆರಡು ಅವೆ.’

ಮೊದಲು ಅಣ್ಣನಲ್ಲಿ ಹೋದರು. ಬೋಗಾದಿ ಸಿಗ್ನಲ್ಲಿನವರೆಗೆ ಹೋಗಿ ತಿರುಗಿ ಬರುವುದು ನಮ್ಮ ಮಾಮೂಲು ದಾರಿ. ಹದಿನೈದು ನಿಮಿಷದಲ್ಲಿ ವಾಪಸು ಬಂದಾಗ ಮಂಗಳಗೌರಿ ಬಾಗಿಲು ಹಿಡಿದುಕೊಂಡು ಇಳಿದರು. ಮುಖ ಕಿವುಚಿಹೋಗಿತ್ತು. ‘ಅಯ್ಯೋ ಶಿವನೇ, ಬಸ್ಸೇ ವಾಸಿ’ ಅಂದರು. ಆಮೇಲೆ ನನ್ನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಶಿವನಂಜು ಸ್ಟೀರಿಂಗ್ ಹಿಡಿದರು, ರೂಪಕಲಾ ಪಕ್ಕದಲ್ಲಿ ಕೂತಳು. ಅದೇ ದಾರಿ, ಅದೇ ಉಬ್ಬು, ಅದೇ ಗುಂಡಿ. ಇಪ್ಪತ್ತೆರಡು ಗಾಳಿಯಲ್ಲಿ ನಾನು ಬೆಣ್ಣೆಯಂತೆ ಸಾಗಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಮಂಗಳಗೌರಿ ಸೀಟಿಗೆ ಪೂರ್ತಿ ಒರಗಿದರು. ಆಪರೇಷನ್ ಆದ ಮೇಲೆ ಗಾಡಿಯಲ್ಲಿ ಬೆನ್ನು ಕೊಟ್ಟು ಕೂತದ್ದು ಅದೇ ಮೊದಲಂತೆ. ‘ರೀ, ಇದು ತೊಟ್ಟಿಲಿದ್ದಂಗದೆ ಕಣ್ರೀ’ ಅಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಹೊತ್ತಿಗೆ ಗಾಳಿಯ ವಿಷಯವೇ ಮರೆತುಹೋಗಿತ್ತು.

ಇಳಿದ ಮೇಲೆ ರೂಪಕಲಾ ಸ್ವಲ್ಪ ತಡವರಿಸಿದಳು. ‘ಅಮ್ಮಾ, ಅವಸರ ಬೇಡ. ಆ ಬೂದು ಗಾಡಿನ ಇನ್ನೊಂದು ದಿನ ಬಂದು ಮತ್ತೆ ನೋಡಿ. ಬೆನ್ನಿನ ವಿಷಯ ಅಲ್ವಾ’ ಅಂದಳು. ಗಾಜಿನ ಬಾಗಿಲ ಆಚೆ ಹರಿಶ್ಚಂದ್ರ ನಿಂತಿದ್ದ. ಅಲ್ಲಿಂದಲೇ ಅವಳನ್ನು ನೆಟ್ಟಗೆ ನೋಡಿದ. ಶಿವನಂಜು ಅಷ್ಟರಲ್ಲಿ ನನ್ನ ಬಾನೆಟ್ಟು ಸವರುತ್ತ, ‘ಇನ್ನೇನು ನೋಡೋದು ಮೇಡಂ? ನನಗೂ ಇದೇ ಇಷ್ಟ, ಅವಳಿಗೂ ಇದೇ ಮೆತ್ತಗದೆ. ಇಂಥಾ ಯೋಗ ಯಾವ ಗಂಡಸಿಗೆ ಸಿಗ್ತದೆ ಹೇಳಿ!’ ಅಂದರು. ರೂಪಕಲಾ ಬುಕಿಂಗ್ ಫಾರಂ ತರಲು ಒಳಗೆ ಹೋದಳು.

ವಾರದೊಳಗೆ ಹದಿನಾಲ್ಕರಲ್ಲೊಂದು ಕೆಂಪು ಗಾಡಿ ತೊಳೆದು ನಿಂತಿತು. ಮಂಗಳಗೌರಿ ತಾವೇ ಆರತಿ ಮಾಡಿದರು. ನಿಂಬೆಹಣ್ಣು ಚಟ್ಟೆಂದು ಒಡೆದು ಗಾಡಿ ಗೇಟು ದಾಟಿತು. ಅದರ ಟೈರಿನಲ್ಲಿ ಮೂವತ್ತಮೂರು ಗಾಳಿ ಇತ್ತು, ಕಾನೂನಿನ ಪ್ರಕಾರ, ಎಲ್ಲವೂ ಸರಿಯಾಗಿ.

ಮೂರು ವಾರಕ್ಕೆ ವಾಪಸು ಬಂದರು. ಈ ಸಲ ಮಂಗಳಗೌರಿಯವರ ಬೆನ್ನಿನ ಹಿಂದೆ ಎರಡು ದಿಂಬು. ಕೆಳಗಿಳಿಯಲು ಗಂಡನ ಭುಜ ಬೇಕಾಯಿತು. ಹರಿಶ್ಚಂದ್ರನ ಎದುರು ನಿಂತು ನೆಟ್ಟಗೆ ಹೇಳಿದರು.

‘ನಾನು ಅವತ್ತು ಕೂತಿದ್ದ ಗಾಡಿ ಇದಲ್ಲ. ನೋಡೋಕೆ ಒಂದೇ ಥರ ಅದೆ. ಆದ್ರೆ ಇದು ಅದಲ್ಲ.’

‘ಒಂದೇ ಕಂಪನಿ, ಒಂದೇ ಮಾಡೆಲ್ಲು ಅಮ್ಮಾ. ಅದೆಂಗೆ ಬೇರೆ ಆಗುತ್ತೆ?’

‘ನನಗೆ ಗೊತ್ತಿಲ್ಲ ಸ್ವಾಮಿ. ನನ್ನ ಬೆನ್ನಿಗೆ ಗೊತ್ತು.’

ಶಿವನಂಜು ಸಂಕೋಚದಿಂದ ಮೈ ಹಿಡಿ ಮಾಡಿಕೊಂಡು ನಿಂತಿದ್ದರು. ಹರಿಶ್ಚಂದ್ರ ಹಲ್ಲು ಕಿರಿದು, ‘ಅರ್ಧ ಗಂಟೆ ಕೂತ್ಕೊಳ್ಳಿ, ಕಾಫಿ ಕುಡೀರಿ. ಗಾಡಿನ ಒಂದ್ಸಲ ಚೆಕ್ ಮಾಡಿಸ್ತೀನಿ’ ಅಂದ. ಗಾಡಿಯನ್ನು ಶೆಡ್ಡಿಗೆ ತಂದ. ನಾನು ಅಲ್ಲೇ ಇದ್ದೆ, ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ. ನೀರು ಹಾಯಿಸಿ ಮೈ ತೊಳೆಸಿದ. ಆಮೇಲೆ ಪೈಪು ತೆಗೆದುಕೊಂಡು ಅದರ ನಾಲ್ಕು ಟೈರಿನ ಗಾಳಿಯನ್ನೂ ಇಪ್ಪತ್ತೆರಡಕ್ಕೆ ಇಳಿಸಿದ, ಹಳದಿ ದೀಪದ ಗುಂಡಿ ಒತ್ತಿ ಹಿಡಿದ. ಮತ್ತೆ ಗಂಡ ಹೆಂಡತಿಯನ್ನು ಕೂರಿಸಿ ತಾನೇ ಬೋಗಾದಿ ಸಿಗ್ನಲ್ಲಿನವರೆಗೆ ಓಡಿಸಿದ.

ತಿರುಗಿ ಬಂದಾಗ ಮಂಗಳಗೌರಿಯವರ ಮುಖ ಅರಳಿತ್ತು. ಇಳಿಯುತ್ತ, ‘ಈಗ ಸರಿಯಾಯ್ತು ನೋಡಿ! ಈಗ ಅವತ್ತಿನಂಗೇ ಅದೆ. ಏನಾಗಿತ್ತು ಸ್ವಾಮಿ?’ ಎಂದು ಕೇಳಿದರು.

ಹರಿಶ್ಚಂದ್ರ ಆಕೆಯನ್ನು ಅಲ್ಲೇ ಬಿಟ್ಟು ಶಿವನಂಜು ಅವರನ್ನು ನಾಲ್ಕು ಹೆಜ್ಜೆ ಈಚೆಗೆ, ನನ್ನ ಪಕ್ಕಕ್ಕೆ ಕರೆದು ತಂದ. ‘ಸಾರ್, ತಪ್ಪು ತಿಳ್ಕೋಬೇಡಿ. ನಾವು ಏನೂ ಮಾಡ್ಲಿಲ್ಲ. ಬರೀ ನೀರು ಹಾಕಿ ತೊಳೆದು ತಂದ್ವಿ, ಅಷ್ಟೇ. ಆಪರೇಷನ್ ಆದೋರಿಗೆ ಹಿಂಗಾಗುತ್ತೆ ಸಾರ್. ನೋವು ಮೈಯಲ್ಲಿರಲ್ಲ, ಇಲ್ಲಿರುತ್ತೆ’ ಎಂದು ತಲೆ ಮುಟ್ಟಿ ತೋರಿಸಿದ.

ಶಿವನಂಜು ಅವರ ಕಿವಿ ಕೆಂಪಾಯಿತು. ಹೆಂಡತಿಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ, ‘ಥೂ, ನಿನ್ನ! ಬರೀ ತೊಳೆದವ್ರೆ ಕಣೇ. ಏನೂ ಮಾಡಿಲ್ಲವಂತೆ. ಜನರ ಮುಂದೆ ಮರ್ಯಾದೆ ತೆಗೆದ್ಯಲ್ಲ’ ಅಂದರು.

ಮಂಗಳಗೌರಿ ಬಾಗಿಲ ಹತ್ತಿರವಿದ್ದ ರೂಪಕಲಾಳ ಕೈ ಹಿಡಿದುಕೊಂಡರು. ‘ನೀವು ಹೆಣ್ಣುಮಗಳು. ಅವತ್ತು ನನ್ನ ಜೊತೆ ಗಾಡೀಲಿದ್ರಿ. ನೀವಾದ್ರೂ ಹೇಳಿ ಮೇಡಂ. ನಾನು ಸುಳ್ಳು ಹೇಳ್ತಿದೀನಾ?’

ರೂಪಕಲಾಳಿಗೆ ಎಲ್ಲ ಗೊತ್ತಿತ್ತು. ತೊಳೆದ ಗಾಡಿಯ ಟೈರು ನೆಲಕ್ಕೆ ಒಂಚೂರು ಹರಡಿಕೊಂಡಿರುವುದು ಅವಳ ಕಣ್ಣಿಗೆ ಬಿದ್ದದ್ದನ್ನು ನಾನು ನೋಡಿದೆ. ಅವಳು ಬಾಯಿ ತೆರೆದಳು. ಹೇಳಿಬಿಡೇ ತಾಯಿ ಎಂದು ನನ್ನ ಎಂಜಿನ್ನೇ ಬಿಗಿಹಿಡಿದಂತಾಯಿತು. ‘ಗಾಡಿ ಎರಡೂ ಒಂದೇ ಅಮ್ಮಾ’ ಅಂದಳು ಅವಳು, ನೆಲ ನೋಡುತ್ತ. ‘ಸ್ವಲ್ಪ ದಿನ ಹೋದ್ರೆ ಅಭ್ಯಾಸ ಆಗುತ್ತೆ.’

ಮಂಗಳಗೌರಿ ಅವಳ ಕೈ ಬಿಟ್ಟರು. ದಿಂಬು ಎರಡನ್ನೂ ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಶಿವನಂಜು ಶಿಸ್ತಿನ ಮನುಷ್ಯ, ವಾರವಾರವೂ ಬಂಕಿನಲ್ಲಿ ಗಾಳಿ ನೋಡಿಸುವವರು. ನಂಜನಗೂಡು ತಲುಪುವ ಮೊದಲೇ ಬಂಕಿನವನು ಮೂವತ್ತಮೂರಕ್ಕೆ ತುಂಬಿಸಿರುತ್ತಾನೆ. ಆ ಹೆಂಗಸಿಗೆ ಮತ್ತೆ ನೋವು ಶುರುವಾದಾಗ ಈ ಸಲ ಬಾಯಿ ತೆರೆಯುವ ಧೈರ್ಯವಾದರೂ ಎಲ್ಲಿಂದ ಬರಬೇಕು? ಅಂದು ಮೊದಲ ಸಲ ನನಗೆ ನನ್ನ ಗೆಲುವು ಏನೆಂದು ಅರ್ಥವಾಯಿತು.

ಆರು ತಿಂಗಳಲ್ಲಿ ಹದಿನಾಲ್ಕು ಗಾಡಿಯೂ ಖಾಲಿಯಾದವು. ಹರಿಶ್ಚಂದ್ರನಿಗೆ ಮೇಲಿನವರು ಶಾಲು ಹೊದಿಸಿದರು. ರೂಪಕಲಾ ಕೆಲಸ ಬಿಟ್ಟು ಬೇರೆ ಕಡೆ ಹೋದಳು, ಹೋಗುವ ದಿನ ಶೆಡ್ಡಿಗೆ ಬಂದು ನನ್ನ ಬಾಗಿಲಿಗೆ ಕೈಯಿಟ್ಟು ನಿಂತಳು. ಹದಿನಾಲ್ಕನೆಯ ತಿಂಗಳಿಗೆ ನಮ್ಮ ಸರದಿ ಮುಗಿಯಿತು, ಹೊಸ ಮಾಡೆಲ್ಲಿನ ಟೆಸ್ಟ್ ಡ್ರೈವ್ ಗಾಡಿಗಳು ಬಂದವು. ಅಣ್ಣನನ್ನು ಗುಂಡ್ಲುಪೇಟೆಯ ನರ್ಸೊಬ್ಬರು ಕೊಂಡರು. ಅವನು ಹೊರಡುವ ಬೆಳಿಗ್ಗೆ ಯಾರೋ ಅವನ ಟೈರಿಗೆ ಸರಿಯಾದ ಗಾಳಿ ಹಿಡಿಸಿದರು. ಆ ನರ್ಸಮ್ಮನ ವಯಸ್ಸಾದ ತಂದೆ ಹಿಂದೆ ಕೂತು ಗೇಟಿನ ಉಬ್ಬು ದಾಟಿದಾಗ ಅಲುಗಾಡಲಿಲ್ಲ. ಮಂಗಳಗೌರಿಯವರಿಗೆ ಬೇಕಾಗಿದ್ದ ಗಾಡಿ ಅದು. ಶೋರೂಮಿನಲ್ಲಿ ನನ್ನ ಪಕ್ಕದಲ್ಲೇ ನಿಂತಿತ್ತು.

ನನ್ನನ್ನು ಕೊಂಡವರು ಯೋಗಾನಂದ, ವಿಜಯನಗರದಲ್ಲಿ ಜಿಮ್ ನಡೆಸುವವರು. ಸ್ಟಿಕ್ಕರ್ ಕಿತ್ತರು, ಅಂಟು ಹೋಗುವಂತೆ ಸೀಮೆಎಣ್ಣೆ ಹಾಕಿ ಉಜ್ಜಿದರು. ಹೊಸ ಟೈರು ಹಾಕಿಸಿ ಮೂವತ್ತಮೂರು ಗಾಳಿ ತುಂಬಿಸಿದರು. ಎಷ್ಟೋ ತಿಂಗಳ ಮೇಲೆ ನನ್ನ ನಿಜವಾದ ನಡಿಗೆ ನನಗೆ ವಾಪಸು ಸಿಕ್ಕಿದ್ದು ಅವತ್ತು. ಒಂದೊಂದು ಗುಂಡಿಗೂ ಗುದ್ದು. ಯೋಗಾನಂದರಿಗೆ ಅದೇ ಖುಷಿ, ‘ರೋಡು ಕೈಗೆ ಸಿಗುತ್ತೆ’ ಅನ್ನುತ್ತಿದ್ದರು. ಒಂದು ದಿನ ಅವರ ತಾಯಿಯನ್ನು ಹಿಂದೆ ಕೂರಿಸಿಕೊಂಡರು. ಅರ್ಧ ಕಿಲೋಮೀಟರು ಹೋಗಿಲ್ಲ, ಆ ಮುದುಕಿ ‘ನಿಲ್ಸೋ ಯೋಗ, ಸೊಂಟ ಮುರೀತು’ ಎಂದು ಕೂಗಿದರು. ಯೋಗಾನಂದ ಗಾಡಿ ನಿಲ್ಲಿಸಿ ಆಟೋ ಕರೆದು ತಾಯಿಯನ್ನು ಅದರಲ್ಲಿ ಕೂರಿಸಿದರು. ‘ಇದು ನಿಂಗಾಗಲ್ಲಮ್ಮ’ ಅಂದರು, ಮುಗಿಯಿತು. ತಾಯಿಯ ಮಾತನ್ನು ನಂಬಲು ಅವರಿಗೆ ಪರೀಕ್ಷೆ, ಸಾಕ್ಷಿ, ಮ್ಯಾನೇಜರು ಯಾರೂ ಬೇಕಾಗಲಿಲ್ಲ. ನಾನು ಆ ದಿನವೆಲ್ಲ ನಂಜನಗೂಡಿನ ಆ ಹೆಂಗಸನ್ನು ನೆನೆಯುತ್ತಿದ್ದೆ.

ಒಂದೂವರೆ ವರ್ಷದ ಮೇಲೆ ಯೋಗಾನಂದರಿಗೆ ಮಗುವಾಯಿತು. ಮನೆಗೆ ದೊಡ್ಡ ಗಾಡಿ ಬಂತು, ನಾನು ಇಲ್ಲಿಗೆ ಬಂದೆ. ಯಾರ್ಡಿನ ಯಜಮಾನರು ಇಮ್ತಿಯಾಜ್ ಭಾಯ್. ಹಿಂದೆ ಅವರೂ ಒಂದು ಶೋರೂಮಿನಲ್ಲಿದ್ದವರು. ನಾಲ್ಕು ತಿಂಗಳು ನಿಂತಲ್ಲೇ ನಿಂತೆ.

ಹೋದ ವಾರ ಬೆಳಿಗ್ಗೆ ಗೇಟಿನೊಳಗೆ ನನ್ನದೇ ಬಣ್ಣದ, ನನ್ನದೇ ಮುಖದ ಗಾಡಿಯೊಂದು ಬಂತು. ಓಡಿಸಿಕೊಂಡು ಬಂದವರು ಶಿವನಂಜು. ಒಬ್ಬರೇ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಅದೇ.

‘ಇಷ್ಟು ಕಮ್ಮಿ ಓಡಿದೆ, ಯಾಕೆ ಮಾರ್ತೀರಿ ಸಾರ್?’ ಎಂದು ಇಮ್ತಿಯಾಜ್ ಭಾಯ್ ಕೇಳಿದರು.

‘ಗಾಡಿ ಚಿನ್ನದಂಗದೆ ಭಾಯ್. ನಮ್ಮನೆಯವಳಿಗೆ ಆಗಿಬರಲಿಲ್ಲ. ಬೆನ್ನು ನೋವು ಬೆನ್ನು ನೋವು ಅಂತ ಒಂದೇ ಗೋಳು. ಶೋರೂಮಿನೋರೇ ಪರೀಕ್ಷೆ ಮಾಡಿ ತೋರಿಸಿದ್ರು, ಎಲ್ಲಾ ಮನಸ್ಸಿಂದು ಅಂತ. ಮನಸ್ಸಿನ ಡಾಕ್ಟರಿಗೂ ತೋರಿಸಿದೆ, ಮಾತ್ರೆ ನುಂಗ್ತಾಳೆ. ಮೈಸೂರಿಗೆ ವ್ಯಾಯಾಮಕ್ಕೆ ಬರೋದು ಆವಾಗ್ಲೇ ನಿಲ್ಲಿಸಿಬಿಟ್ಳು. ಬಸ್ಸಲ್ಲಿ ಹೋಗ್ತೀನಿ ಅಂದ್ಳು, ಬಾಗಿಲಲ್ಲಿ ಕಾರು ನಿಲ್ಲಿಸ್ಕೊಂಡು ಬಸ್ಸಲ್ಲಿ ಕಳಿಸಿದ್ರೆ ಜನ ಏನಂತಾರೆ? ಬೈದೆ. ಅಂಗನವಾಡಿ ಕೆಲಸಾನೂ ಹೋಯ್ತು. ಈಗ ಮಲಗಿದ್ದಲ್ಲೇ ಇರ್ತಾಳೆ.’

ಇಷ್ಟು ಹೇಳಿ ಅವರ ಕಣ್ಣು ನನ್ನ ಮೇಲೆ ಬಿತ್ತು. ‘ಅರೆ, ಇದೂ ಅದೇನೇ! ಇದನ್ನ ಒಂದು ರೌಂಡು ಓಡಿಸಿ ನೋಡ್ಲಾ? ನನ್ನದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ’ ಅಂದರು. ಟೆಸ್ಟ್ ಡ್ರೈವಿನ ಚಪಲ ಗಂಡಸರನ್ನು ಸಾಯುವವರೆಗೂ ಬಿಡುವುದಿಲ್ಲ. ಯಾರ್ಡಿನ ಹಿಂದಿನ ಮಣ್ಣಿನ ರಸ್ತೆಯಲ್ಲಿ ಹೊರಟರು. ಇಮ್ತಿಯಾಜ್ ಭಾಯ್ ಪಕ್ಕದಲ್ಲಿ ಕೂತರು. ಫಲಕದ ಹಳದಿ ದೀಪ ಉರಿಯುತ್ತಿತ್ತು, ಶಿವನಂಜು ಅದನ್ನು ನೋಡಲೂ ಇಲ್ಲ.

‘ನೋಡಿ! ನೋಡಿ ಭಾಯ್, ತೊಟ್ಟಿಲಿದ್ದಂಗದೆ!’ ಎಂದು ಶಿವನಂಜು ಸ್ಟೀರಿಂಗ್ ಬಡಿದರು. ‘ಇಂಥಾ ಗಾಡಿಗೆ ಬೆನ್ನು ನೋವು ಬರ್ತದೆ ಅಂದ್ರೆ ಯಾರು ನಂಬ್ತಾರೆ?’

ಇಮ್ತಿಯಾಜ್ ಭಾಯ್ ಜೋರಾಗಿ ನಕ್ಕುಬಿಟ್ಟರು. ‘ಅಯ್ಯೋ ಸಾರ್, ಟೈರಲ್ಲಿ ಗಾಳಿನೇ ಇಲ್ಲ. ನಿಂತು ನಿಂತು ಇಳಿದುಹೋಗಿದೆ. ಗಾಳಿ ಹಾಕಿಸಿ ಕೂತ್ಕೊಳ್ಳಿ, ಗೊತ್ತಾಗುತ್ತೆ ನಿಮಗೆ ತೊಟ್ಟಿಲು.’

ಪಕ್ಕದ ಪಂಚರ್ ಅಂಗಡಿಯಲ್ಲಿ ಮೂವತ್ತಮೂರು ಹಾಕಿಸಿದರು. ಅದೇ ರಸ್ತೆಯಲ್ಲಿ ತಿರುಗಿ ಬಂದರು. ನಾನು ನನ್ನ ನಿಜವಾದ ನಡಿಗೆ ನಡೆದೆ. ಬೇಕೆಂದೇ ನಡೆದೆ. ಒಂದೊಂದು ಗುಂಡಿಗೂ ಆ ಮನುಷ್ಯನ ಬೆನ್ನಿಗೆ ಗುದ್ದಿದೆ. ನೂರು ಮಾರು ಹೋಗುವಷ್ಟರಲ್ಲಿ ಶಿವನಂಜು ಬ್ರೇಕು ಒತ್ತಿದರು.

‘ಗಾಳಿ ಕಮ್ಮಿ ಇದ್ರೆ ಮೆತ್ತಗಿರ್ತದಾ?’ ದನಿ ಕುಗ್ಗಿತ್ತು.

‘ಹೂಂ ಮತ್ತೆ. ಶೋರೂಮಲ್ಲಿ ಇದು ಹಳೇ ಆಟ ಸಾರ್. ಮಾರಬೇಕಾಗಿರೋ ಗಾಡಿಗೆ ಇಳಿಸೋದು, ಬೇಡದ್ದಕ್ಕೆ ಏರಿಸೋದು. ನಾನೂ ಮಾಡಿದೀನಿ, ದೇವರು ಕ್ಷಮಿಸ್ಲಿ. ಯಾರಾದ್ರೂ ಬಂದು ಗಲಾಟೆ ಮಾಡಿದ್ರೆ ಅವರ ಗಾಡಿಗೂ ಇಳಿಸಿ, ಬರೀ ತೊಳೆದ್ವಿ ಅನ್ನೋದು.’

ಶಿವನಂಜು ಕೀಲಿ ತಿರುಗಿಸಿ ಎಂಜಿನ್ನು ಆರಿಸಿದರು. ಇಮ್ತಿಯಾಜ್ ಭಾಯ್ ಏನೋ ಅರಿತವರಂತೆ ಇಳಿದು ಕಚೇರಿಯ ಕಡೆ ನಡೆದರು. ಶಿವನಂಜು ಸ್ಟೀರಿಂಗ್ ಹಿಡಿದೇ ಕೂತಿದ್ದರು. ‘ನಿಜ ಹೇಳಿದ್ಲು’ ಎಂದು ಒಂದು ಸಲ ಅಂದರು, ಗಾಜಿನ ಕಡೆ ನೋಡುತ್ತ. ನನ್ನ ಜೀವ ಹಗುರಾಯಿತು. ತಡವಾದರೇನು, ಒಬ್ಬರಿಗಾದರೂ ಗೊತ್ತಾಯಿತಲ್ಲ, ಈಗ ಮನೆಗೆ ಹೋಗಿ ಆ ತಾಯಿಯ ಕಾಲು ಹಿಡಿದಾದರೂ ಹೇಳುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಫೋನನ್ನು ಕಿವಿಗಿಡದೆ ಕೈಯಲ್ಲೇ ಹಿಡಿದು ಮಾತಾಡುವುದು ಅವರ ಅಭ್ಯಾಸ. ಮಂಗಳಗೌರಿಯವರ ದನಿ ಗಾಡಿಯೊಳಗೆಲ್ಲ ಕೇಳಿಸಿತು. ಬಹಳ ಸಣ್ಣಗಾಗಿತ್ತು.

‘ಏನಂದ್ರು ರೀ? ಗಾಡಿ ನೋಡಿದ್ರಾ? ಗಾಡೀಲೇ ಏನಾದ್ರೂ ತೊಂದ್ರೆ ಇತ್ತಾ?’

ಶಿವನಂಜು ಬಾಯಿ ತೆರೆದರು. 
ಮತ್ತೆ ಮುಚ್ಚಿದರು. ಹಣೆಯ ಬೆವರು ಒರೆಸಿಕೊಂಡರು. ‘ಏನಿಲ್ಲ ಕಣೇ’ ಅಂದರು. ‘ಗಾಡೀಲಿ ಏನೂ ತೊಂದ್ರೆ ಇಲ್ಲವಂತೆ.’

ಆ ಕಡೆಯಿಂದ ಆಕೆ, ‘ಹೂಂ... ಹಂಗಾದ್ರೆ ನನ್ನ ತಲೆನೇ ಸರಿಯಿಲ್ಲ ಬಿಡಿ. ಸುಮ್ಮನೆ ನಿಮ್ಮನ್ನ ಎಷ್ಟು ಗೋಳು ಹುಯ್ಕೊಂಡೆ. ಬೇಜಾರು ಮಾಡ್ಕೋಬೇಡಿ. ಊಟಕ್ಕೆ ಬನ್ನಿ’ ಅಂದರು.

ಶಿವನಂಜು ‘ಬರ್ತೀನಿ’ ಅಂದು ಇಳಿದು ನನ್ನ ಬಾಗಿಲನ್ನು ಮೆಲ್ಲಗೆ ಹಾಕಿದರು. ತಮ್ಮ ಗಾಡಿಯ ಕೀಲಿಯನ್ನು ಇಮ್ತಿಯಾಜ್ ಭಾಯ್ ಕೈಗೆ ಕೊಟ್ಟು, ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದರು. ಅವರ ಗಾಡಿ ಈಗ ನನ್ನ ಪಕ್ಕದಲ್ಲಿದೆ. ಹಿಂದಿನ ಸೀಟಿನಲ್ಲಿ ಬೆನ್ನು ತಾಗುವ ಕಡೆ ಬಟ್ಟೆ ಸವೆದೇ ಇಲ್ಲ, ಆಕೆ ಒರಗಿ ಕೂರಲೇ ಇಲ್ಲವಂತೆ. ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ನನಗೂ ಮನುಷ್ಯರ ಹಾಗೆ ಬಾಯಿ ಇದ್ದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ ಎಂದು ಎರಡೂವರೆ ವರ್ಷ ಹಲುಬಿದ್ದೆ. ಬಾಯಿ ಇದ್ದವರನ್ನು ನೋಡಿದ ಮೇಲೆ ಆ ಆಸೆ ಬಿಟ್ಟಿದ್ದೇನೆ.